ಮೂಲೆ ಸೇರಿದ ಪಂಪ್‌ಸೆಟ್: ಸೋರುವ ಕಾರ್ಬುರೇಟರಿಗೆ ಮದ್ದು

2023ರ ಬರದಲ್ಲಿ ಹೊರಗೆ ಬಂದ ಸಣ್ಣ ಪೆಟ್ರೋಲ್ ಪಂಪ್‌ಸೆಟ್‌ಗಳಲ್ಲಿ ಎಷ್ಟೋ 2024ರ ಮಳೆ ಹಿಡಿದ ಮೇಲೆ ಮತ್ತೆ ಕೊಟ್ಟಿಗೆಯ ಮೂಲೆ ಸೇರಿದವು. ಜಗಳೂರಿನ ಕೃಷಿಹೊಂಡವಿರಲಿ, ಹೊನ್ನಾಳಿ-ನ್ಯಾಮತಿಯ ಹೊಳೆದಂಡೆಯಿರಲಿ, ಚನ್ನಗಿರಿಯ ಅಡಿಕೆ ತೋಟವಿರಲಿ, ಬಹುಕಾಲ ನಿಂತ ಎಂಜಿನ್ನಿಗೆ ಪೆಟ್ರೋಲ್ ಸುರಿದು ಕಾಕ್ ತಿರುಗಿಸಿದರೆ ಕಾರ್ಬುರೇಟರ್ ತೊಟ್ಟಿಕ್ಕುವುದು ಸಾಮಾನ್ಯ. ‘ಸ್ವಲ್ಪ ಸೋರಿದ್ರೆ ಏನಾಯ್ತು, ಓಡ್ತದಲ್ಲ’ ಎಂದು ಹಗ್ಗ ಎಳೆಯುವವರೇ ಜಾಸ್ತಿ.

ಎಳೆಯಬೇಡಿ. ಬೆಂಕಿಯ ಭಯ ಒಂದು ಕಡೆ. ಸೋರಿದ ಪೆಟ್ರೋಲೆಲ್ಲ ಹೊರಗೇ ಬೀಳುವುದಿಲ್ಲ ಎಂಬುದು ಇನ್ನೊಂದು. ಒಂದು ಪಾಲು ಸಿಲಿಂಡರಿಗೆ ಹೋಗಿ, ರಿಂಗಿನ ಸಂದಿಯಲ್ಲಿ ಇಳಿದು ಆಯಿಲಿಗೆ ಸೇರಬಹುದು. ತೆಳ್ಳಗಾದ ಆಯಿಲಿನಲ್ಲಿ ಓಡಿಸಿದರೆ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಸವೆದು ಎಂಜಿನ್ ಹಿಡಿದುಕೊಂಡೀತು. ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ಪೂರ್ತಿ ಬದಲಿಸಿ.

ಕಾರ್ಬುರೇಟರಿನ ಕೆಲಸ ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನ ಚೆಂಡಿನ ನಲ್ಲಿಯ ಹಾಗೆಯೇ. ಬಟ್ಟಲಿನಲ್ಲಿ ಪೆಟ್ರೋಲ್ ಏರಿದಂತೆ ತೇಲು (ಫ್ಲೋಟ್) ಏರಿ, ಸೂಜಿಯೊಂದು ಮೇಲಿನ ತೂತು ಮುಚ್ಚುತ್ತದೆ. ನಿಂತಲ್ಲೇ ನಿಂತ ಪೆಟ್ರೋಲ್ ಆರಿ ಅಂಟಾಗುತ್ತದೆ, ಸೂಜಿ ಸಿಕ್ಕಿಕೊಳ್ಳುತ್ತದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ 2023ರಲ್ಲಿ ಮಾರಾಟಕ್ಕೆ ಬಂತಲ್ಲ, ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುವ ಗುಣದ್ದು. ಹಳೆ ಎಂಜಿನ್ನಿನ ರಬ್ಬರ್ ವಾಷರು, ಪೈಪಿಗೂ ಅದು ಒಗ್ಗದಿರಬಹುದು.

ಎಲ್ಲಿಂದ ಸೋರುತ್ತದೆ ನೋಡಿದರೆ ಅರ್ಧ ಕೆಲಸ ಆದಂತೆ. ಬಟ್ಟಲಿನ ಅಂಚಿನಲ್ಲಾದರೆ ಗ್ಯಾಸ್ಕೆಟ್ ಅಥವಾ ಸಡಿಲ ಬೋಲ್ಟು. ಗಾಳಿ ಬರುವ ಬಾಯಿಂದ, ಇಲ್ಲವೆ ಹೆಚ್ಚಾದದ್ದು ಹೊರಹೋಗುವ ಕೊಳವೆಯಿಂದಾದರೆ ಸೂಜಿ ಅಥವಾ ತೇಲು. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ತಟ್ಟಿ ನೋಡಿ. ಒಮ್ಮೊಮ್ಮೆ ಸೂಜಿ ಬಿಡುತ್ತದೆ. ಆದರೆ ಅಂಟು ಒಳಗೇ ಉಳಿದಿರುತ್ತದೆ.

ಕಾಕ್ ಮುಚ್ಚಿ, ಬಯಲಿನಲ್ಲಿ, ಬೀಡಿ-ಬೆಂಕಿ ದೂರವಿಟ್ಟು ಬಟ್ಟಲು ಬಿಚ್ಚಿ. ಕೆಳಗೊಂದು ಬಿಳಿ ಬಟ್ಟೆ ಹಾಸಿ, ತೇಲಿನ ಸಣ್ಣ ಪಿನ್ನು ಹುಲ್ಲಿಗೆ ಬಿದ್ದರೆ ದಿನವೆಲ್ಲ ಹುಡುಕಬೇಕು. ತೇಲನ್ನು ಕಿವಿ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಹಿತ್ತಾಳೆಯದಕ್ಕೆ ಬೆಸುಗೆ ಹಾಕಿಸಲು ಹೋಗಬೇಡಿ: ಒಳಗೆ ಪೆಟ್ರೋಲ್ ಇದ್ದರೆ ಸಿಡಿದೀತು, ಬೆಸುಗೆಯ ಭಾರಕ್ಕೆ ಮಟ್ಟವೂ ಕೆಡುತ್ತದೆ. ಸೂಜಿಯ ಮೊನೆಯಲ್ಲಿ ಉಂಗುರದಂತೆ ಗೆರೆ ಬಿದ್ದಿದ್ದರೆ ಸೂಜಿ ಹೊಸದು ಹಾಕಿ. ಉಜ್ಜುವುದು ವ್ಯರ್ಥ. ಸೂಜಿ ಕೂರುವ ತೂತನ್ನು ಬೆಂಕಿಕಡ್ಡಿಗೆ ಸುತ್ತಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಜೆಟ್ಟಿನ ತೂತಿಗೆ ಗುಂಡುಪಿನ್ನು ಚುಚ್ಚಬಾರದು, ಅಗಲವಾದರೆ ಆ ಎಂಜಿನ್ ಸದಾ ಪೆಟ್ರೋಲ್ ಕುಡಿಯುತ್ತದೆ. ಸೈಕಲ್ ಪಂಪಿನ ಗಾಳಿ ಸಾಕು.

ಜೋಡಿಸಿದ ಮೇಲೆ ಪರೀಕ್ಷೆ ಸುಲಭ. ಕಾಕ್ ತೆರೆದು, ಎಂಜಿನ್ ಓಡಿಸದೆ, ಕಾಲು ಗಂಟೆ ಬಿಡಿ. ಕೆಳಗಿನ ಕಾಗದ ಒಣಗಿಯೇ ಇದ್ದರೆ ಹಗ್ಗ ಎಳೆಯಬಹುದು. ಕೆಲಸ ಮುಗಿದು ಮತ್ತೆ ಒಳಗಿಡುವಾಗ ಕಾಕ್ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಬಟ್ಟಲ ಅಡಿಯ ತಿರುಪು ಸಡಿಲಿಸಿ ಉಳಿದದ್ದನ್ನೂ ಇಳಿಸಿ. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಯಲ್ಲಿ ಓಡುವ ಜಾತಿಯಾದರೆ ನಿಲ್ಲಿಸುವ ಮುಂಚೆ ಪೆಟ್ರೋಲಿಗೆ ತಿರುಗಿಸಬೇಕು.

ಮನೆಯ ಹಳೆ ಪೆಟ್ರೋಲ್ ಜೀಪಿಗೂ ಸೂಜಿ-ತೇಲಿನ ಮಾತು ಹೊಂದುತ್ತದೆ. ಕಳೆ ಕತ್ತರಿಸುವ ಹೆಗಲ ಮೇಲಿನ ಯಂತ್ರಕ್ಕೆ ಸಾಮಾನ್ಯವಾಗಿ ಹೊಂದದು; ಅದರಲ್ಲಿ ತೇಲಿನ ಬದಲು ತೆಳು ಪೊರೆ ಇರುತ್ತದೆ.