ಡೊಮೈನ್ ಹೆಸರಿನಲ್ಲಿ ಕೀವರ್ಡ್: ಲಾಭ ಎಷ್ಟು?

ಡೊಮೈನ್ ಹೆಸರು ಎಂದರೆ ವೆಬ್‌ಸೈಟಿನ ವಿಳಾಸ. ಗ್ರಾಹಕರು ಗೂಗಲ್‌ನಲ್ಲಿ ಹಾಕಿ ಹುಡುಕುವ ಪದವೇ ಕೀವರ್ಡ್. ಶಿವಾಜಿನಗರದ ಅಂಗಡಿಯೊಂದು ‘ಬೆಂಗಳೂರು ಚಪ್ಪಲಿ’ ಎಂದೇ ಡೊಮೈನ್ ತೆಗೆದುಕೊಂಡರೆ ಹುಡುಕಾಟದಲ್ಲಿ ಮೇಲೆ ಬರುತ್ತದೆಯೇ?

ಹಿಂದೆ ಇದರಿಂದ ಅನುಕೂಲ ಇತ್ತು. 2012ರ ಸೆಪ್ಟೆಂಬರ್‌ನಲ್ಲಿ ಗೂಗಲ್ ತನ್ನ ಲೆಕ್ಕ ಬದಲಿಸಿತು. ಹೆಸರಿನಲ್ಲಿ ಮಾತ್ರ ಕೀವರ್ಡ್ ಇದ್ದು, ಒಳಗೆ ಉಪಯುಕ್ತ ಮಾಹಿತಿ ಇಲ್ಲದ ಸೈಟುಗಳು ಕೆಳಗಿಳಿದವು. ಬೆಲೆ, ಸೈಜು, ಫೋಟೊ, ಅಂಗಡಿಯ ವಿಳಾಸ ಸರಿಯಾಗಿರುವ ಪುಟವೇ ಗ್ರಾಹಕರಿಗೆ ಬೇಕು.

ಕಾನೂನನ್ನೂ ನೋಡಬೇಕು. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನಿಂದ ‘ಸಿಫಿ’ ಎಂಬ ಹೊಸ ಪದ ಕಟ್ಟಿಕೊಂಡಿತ್ತು. ಬೇರೊಂದು ಕಂಪನಿ ‘ಸಿಫಿನೆಟ್’ ಎಂದು ಡೊಮೈನ್ ಪಡೆದಾಗ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಹೈಕೋರ್ಟ್‌ನಲ್ಲಿ ಸೋತರೂ 2004ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದಿತು. ಡೊಮೈನ್ ಹೆಸರಿಗೂ ವ್ಯಾಪಾರದ ಹೆಸರಿನಂತೆ ರಕ್ಷಣೆ ಉಂಟು ಎಂದಾಯಿತು. ‘ಬೆಂಗಳೂರು’, ‘ಚಪ್ಪಲಿ’ ಎಲ್ಲರ ಪದಗಳು. ಅವುಗಳಿಗೆ ಅಂಥ ರಕ್ಷಣೆ ಸುಲಭವಾಗಿ ಸಿಗದು.

ಆದ್ದರಿಂದ ಅಂಗಡಿಯ ಸ್ವಂತ ಹೆಸರು ಡೊಮೈನ್‌ನಲ್ಲಿರಲಿ, ಕೀವರ್ಡ್ ಪುಟದ ಶೀರ್ಷಿಕೆಯಲ್ಲಿ, ವಿವರಣೆಯಲ್ಲಿ ಬರಲಿ. ಅಕೌಂಟೆನ್ಸಿಯಲ್ಲಿ ನಾವು ಓದುವ ಗುಡ್‌ವಿಲ್ ಬೆಳೆಯುವುದು ಸ್ವಂತ ಹೆಸರಿನ ಮೇಲೆಯೇ.