ಅನ್ನದ ಮ್ಯಾಂಗನೀಸು, ಧೂಳಿನ ಮ್ಯಾಂಗನೀಸು

ಸಂಡೂರಿನಿಂದ ಹೊಸಪೇಟೆಯ ಕಡೆಗೆ ಅದಿರಿನ ಲಾರಿಗಳು ಸಾಗುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ದಾರಿಯ ಗಿಡಗಳ ಎಲೆಯ ಮೇಲೆ ಕುಳಿತ ಕೆಂಪು ಧೂಳನ್ನು ಕಂಡು ‘ಇದೆಲ್ಲ ವಿಷ’ ಎಂದು ಅಂಜುವವರುಂಟು. ‘ಈ ಮಣ್ಣಿನಲ್ಲಿಯೇ ಹುಟ್ಟಿ ಬೆಳೆದವರು ನಾವು, ಏನಾದೀತು?’ ಎನ್ನುವವರೂ ಉಂಟು. ಇವೆರಡೂ ವಿಜ್ಞಾನದ ಮಾತಲ್ಲ. ವಸ್ತುವಿನಲ್ಲಿರುವ ಹಾನಿಯ ಗುಣ ಬೇರೆ, ಅದರಿಂದ ನಮಗೊದಗುವ ಅಪಾಯ ಬೇರೆ. ಆ ವಸ್ತುವು ಎಷ್ಟು ಪ್ರಮಾಣದಲ್ಲಿ, ಯಾವ ರೂಪದಲ್ಲಿ, ಯಾವ ಮಾರ್ಗವಾಗಿ, ಎಷ್ಟು ಕಾಲ ದೇಹವನ್ನು ಸೇರುತ್ತದೆ ಎಂಬುದನ್ನು ಅಪಾಯವು ಅವಲಂಬಿಸಿದೆ.

ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಜೊತೆಗೆ ದೊರೆಯುವ ಮ್ಯಾಂಗನೀಸನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉಕ್ಕಿಗೆ ಗಡಸುತನವನ್ನು ಕೊಡುವ ಈ ಲೋಹವು ನಮ್ಮ ದೇಹಕ್ಕೂ ಬೇಕು. ವಯಸ್ಕರಿಗೆ ದಿನಕ್ಕೆ ಸುಮಾರು 2 ಮಿಲಿಗ್ರಾಂ ಸಾಕು. ಕಂಪ್ಲಿಯ ಗದ್ದೆಗಳ ಅಕ್ಕಿಯಲ್ಲಿಯೂ ಅದು ಅತ್ಯಲ್ಪವಾಗಿ ಇರುತ್ತದೆ. ಆಹಾರದೊಡನೆ ಹೊಟ್ಟೆ ಸೇರಿದ ಮ್ಯಾಂಗನೀಸಿನಲ್ಲಿ ರಕ್ತಕ್ಕೆ ಹೋಗುವುದು ಸ್ವಲ್ಪ ಪಾಲು ಮಾತ್ರ. ಹೆಚ್ಚಾದುದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುತ್ತದೆ.

ಅದೇ ಲೋಹವು ನುಣ್ಣನೆಯ ಧೂಳಾಗಿ ಉಸಿರಿನೊಡನೆ ಒಳಹೊಕ್ಕಾಗ ಸಂಗತಿಯೇ ಬೇರೆಯಾಗುತ್ತದೆ. ಶ್ವಾಸಕೋಶದಿಂದ ರಕ್ತವನ್ನು ಸೇರಿದ ಮ್ಯಾಂಗನೀಸು, ಯಕೃತ್ತಿನ ಕಾವಲನ್ನು ದಾಟದೆಯೇ ಮಿದುಳನ್ನು ಮುಟ್ಟಬಲ್ಲದು. 1837ರಲ್ಲಿ ಸ್ಕಾಟ್ಲೆಂಡಿನ ಕೂಪರ್ ಎಂಬ ವೈದ್ಯನು, ಮ್ಯಾಂಗನೀಸಿನ ಆಕ್ಸೈಡನ್ನು ಅರೆಯುತ್ತಿದ್ದ ಕೆಲಸಗಾರರ ಕಾಲುಗಳು ಬಲಗುಂದಿ ನಡಿಗೆ ಕೆಡುತ್ತಿದ್ದುದನ್ನು ವರ್ಣಿಸಿದನು. ಈ ರೋಗವು ಬೇರೂರಿದ ಮೇಲೆ ಧೂಳಿನಿಂದ ದೂರ ಸರಿದರೂ ಪೂರ್ತಿ ವಾಸಿಯಾಗದಿರಬಹುದು. ಆದುದರಿಂದಲೇ ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯು, ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು.

ಹಂಪಿಯ ಬಂಡೆಗಳೂ ಇದೇ ಪಾಠವನ್ನು ಹೇಳುತ್ತವೆ. ಆ ಗ್ರಾನೈಟಿನಲ್ಲಿ ಬೆಣಚುಕಲ್ಲು, ಎಂದರೆ ಸಿಲಿಕ, ಇದೆ. ಬಂಡೆಯ ನೆರಳಿನಲ್ಲಿ ದಿನವೆಲ್ಲ ಕುಳಿತರೂ ಹಾನಿಯಿಲ್ಲ. ಆದರೆ ಸಿಲಿಕವಿರುವ ಕಲ್ಲನ್ನು ನೀರಿಲ್ಲದೆ ಯಂತ್ರದಿಂದ ಕೊರೆದಾಗ ಏಳುವ ಸೂಕ್ಷ್ಮ ಧೂಳು ವರ್ಷಗಟ್ಟಲೆ ಶ್ವಾಸಕೋಶಗಳನ್ನು ಸೇರಿದರೆ ಸಿಲಿಕೋಸಿಸ್ ರೋಗ ಬರುತ್ತದೆ. ಕೋಲಾರದ ಚಿನ್ನದ ಗಣಿಯ ಕೆಲಸಗಾರರನ್ನು ಕಾಡಿದ ರೋಗವಿದು.

ಇಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ಗಾಳಿಗೂಡುಗಳನ್ನು ತಲಪುವ ಕಣಗಳಾದರೋ ಹೆಚ್ಚಾಗಿ 5 ಮೈಕ್ರಾನಿಗಿಂತ ಚಿಕ್ಕವು. ಎಲೆಯ ಮೇಲೆ ಕಾಣುವ ದಪ್ಪ ಧೂಳಿಗಿಂತ ಗಾಳಿಯಲ್ಲಿ ಕಾಣದೆ ತೇಲುವ ಧೂಳೇ ಹೆಚ್ಚು ಒಳಗೆ ಇಳಿಯುತ್ತದೆ. ಅದನ್ನು ಉಪಕರಣಗಳಿಂದ ಅಳೆದೇ ತಿಳಿಯಬೇಕು.

ಯಂತ್ರವು ಕೈ ಉಳಿಗಿಂತ ಬಹುಪಾಲು ಹೆಚ್ಚು ಧೂಳನ್ನು ಎಬ್ಬಿಸುತ್ತದೆ, ನಿಜ. ಆದರೆ ಕೊರೆಯುವಲ್ಲಿಯೇ ನೀರು ಹಾಯಿಸುವುದು, ಅರೆಯುವ ಯಂತ್ರವನ್ನು ಮುಚ್ಚಿ ಧೂಳನ್ನು ಹೀರಿ ತೆಗೆಯುವುದು, ಲಾರಿಗೆ ಟಾರ್ಪಾಲು ಹೊದಿಸುವುದು, ಇವೂ ತಂತ್ರಜ್ಞಾನವೇ. ಮುಖಕ್ಕೆ ಮಾಸ್ಕ್ ಕಟ್ಟುವುದು ಕೊನೆಯ ಉಪಾಯ. ಧೂಳು ಏಳದಂತೆ ಮಾಡುವುದು ಮೊದಲನೆಯದು. ಇನ್ನು ಮುಂದೆ ಯಾವ ಹೊಸ ವಸ್ತುವಿನ ಮಾತು ಬಂದರೂ ‘ಇದು ವಿಷವೇ?’ ಎಂದಷ್ಟಕ್ಕೆ ನಿಲ್ಲದೆ, ಎಷ್ಟು, ಯಾವ ರೂಪ, ಯಾವ ಮಾರ್ಗ, ಎಷ್ಟು ಕಾಲ ಎಂಬ ನಾಲ್ಕು ಪ್ರಶ್ನೆಗಳನ್ನೂ ನಾವು ಕೇಳಿಕೊಳ್ಳೋಣ.