ಅರ್ಜಿಗಳನ್ನು ಓದುವ ಗಣಕಯಂತ್ರ

ಒಂದು ಹುದ್ದೆಗೆ ಸಾವಿರ ಅರ್ಜಿಗಳು ಬಂದರೆ ಅವುಗಳನ್ನೆಲ್ಲ ಓದುವವರಾರು? ದೊಡ್ಡ ಉದ್ಯಮಗಳು ಈ ಕೆಲಸದ ಒಂದು ಪಾಲನ್ನು ಈಗ ಗಣಕಯಂತ್ರಗಳಿಗೆ ಒಪ್ಪಿಸಿರುವುದುಂಟು. ಯಂತ್ರಕ್ಕೆ ನೆಂಟರಿಲ್ಲ, ಬೇಸರವಿಲ್ಲ. ಆದುದರಿಂದ ಅದರ ತೀರ್ಪು ನಿಷ್ಪಕ್ಷಪಾತವಾಗಿರಬೇಕೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸೋಣ.

ಮೊದಲು, ಯಂತ್ರವು ಕಲಿಯುವ ಬಗೆ. ಹಳೆಯ ಅರ್ಜಿಗಳ ರಾಶಿಯನ್ನು ಅದರ ಮುಂದಿಟ್ಟು, ಆಯ್ಕೆಯಾದವರು ಯಾರು, ಆಗದವರು ಯಾರು ಎಂಬುದನ್ನು ತಿಳಿಸುತ್ತಾರೆ. ಸ್ಥೂಲವಾಗಿ ಹೇಳುವುದಾದರೆ, ಆಯ್ಕೆಯಾದವರ ಅರ್ಜಿಗಳಲ್ಲಿ ಹೆಚ್ಚಾಗಿ ಕಾಣುವ ಪದಗಳಿಗೆ ಅದು ಹೆಚ್ಚು ತೂಕವನ್ನೂ ಉಳಿದವುಗಳಿಗೆ ಕಡಿಮೆ ತೂಕವನ್ನೂ ಕೊಡುತ್ತದೆ. ಹೊಸ ಅರ್ಜಿ ಬಂದಾಗ ಈ ತೂಕಗಳನ್ನು ಕೂಡಿಸಿ ಅಂಕ ಹಾಕುತ್ತದೆ. ಪದದ ಅರ್ಥ ಅದಕ್ಕೆ ಬೇಕಿಲ್ಲ.

ಅಮೆರಿಕದ ಅಮೆಜಾನ್ ಕಂಪನಿಯು 2014ರಲ್ಲಿ ಇಂತಹದೊಂದು ಪ್ರಯೋಗವನ್ನು ಆರಂಭಿಸಿತು. ಉಮೇದುವಾರರಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುವ ಏರ್ಪಾಡು ಅದು. ಕಲಿಕೆಗೆ ಬಳಸಿದ್ದು 10 ವರ್ಷಗಳಲ್ಲಿ ಬಂದ ಅರ್ಜಿಗಳನ್ನು. ಅವುಗಳಲ್ಲಿ ಬಹುಪಾಲು ಗಂಡಸರವು. ಪರಿಣಾಮವನ್ನು ರಾಯಿಟರ್ಸ್ ವಾರ್ತಾಸಂಸ್ಥೆ 2018ರಲ್ಲಿ ಬಯಲಿಗೆ ತಂದಿತು. ‘ಮಹಿಳಾ ಚದುರಂಗ ಸಂಘದ ನಾಯಕಿ’ ಎಂಬಂತಹ ಒಕ್ಕಣೆಯಿದ್ದರೆ, ‘ಮಹಿಳಾ’ ಎಂಬ ಪದದ ದೆಸೆಯಿಂದಲೇ ಅಂಕ ಇಳಿಯುತ್ತಿದ್ದಿತು! ಎರಡು ಮಹಿಳಾ ಕಾಲೇಜುಗಳ ಪದವೀಧರೆಯರಿಗೂ ಅದೇ ಗತಿ. ತಜ್ಞರು ಆ ಪದಗಳ ಪ್ರಭಾವವನ್ನು ತೆಗೆದುಹಾಕಿದರು. ಆದರೆ ಯಂತ್ರವು ಬೇರೊಂದು ಜಾಡು ಹಿಡಿಯದೆಂಬ ಭರವಸೆ ಇರಲಿಲ್ಲ. 2017ರ ಆರಂಭದ ಹೊತ್ತಿಗೆ ಆ ತಂಡವನ್ನೇ ವಿಸರ್ಜಿಸಲಾಗಿತ್ತು. ಉಮೇದುವಾರರನ್ನು ಅಳೆಯಲು ಈ ಸಾಧನವನ್ನು ತಾನು ಎಂದೂ ಬಳಸಲಿಲ್ಲವೆಂದು ಕಂಪನಿ ಹೇಳಿದೆ.

ಲಿಂಗವನ್ನು ಸೂಚಿಸುವ ಅಂಕಣವನ್ನು ಅಳಿಸಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ಓದಿದ ಶಾಲೆ, ಆಡಿದ ಆಟ, ಹೆರಿಗೆಗಾಗಿ ನೌಕರಿಯಲ್ಲಿ ಬಿದ್ದ ಬಿಡುವು ಇವೆಲ್ಲ ಅದನ್ನೇ ಹೇಳುತ್ತವೆ. (ನಮ್ಮ ದೇಶದಲ್ಲಿ ಹೆಸರೊಂದೇ ಎಷ್ಟು ಹೇಳುವುದೆಂಬುದನ್ನು ವಿವರಿಸಬೇಕಾಗಿಲ್ಲ.) ಇದಕ್ಕಿಂತ ದೊಡ್ಡ ತೊಡಕು ಮತ್ತೊಂದಿದೆ. ಕೆಲಸಕ್ಕೆ ಸೇರಿದವರು ಹೇಗೆ ದುಡಿದರೆಂಬುದು ಕಡತದಲ್ಲಿರುತ್ತದೆ. ತಿರಸ್ಕೃತಳಾದವಳು ಸೇರಿದ್ದರೆ ಹೇಗೆ ದುಡಿಯುತ್ತಿದ್ದಳೆಂಬುದು ಯಾವ ಕಡತದಲ್ಲಿಯೂ ಇಲ್ಲ. ಇಲ್ಲದ ದತ್ತಾಂಶದಿಂದ ಯಂತ್ರವು ತನ್ನ ತಪ್ಪನ್ನು ತಿದ್ದಿಕೊಳ್ಳಲಾರದು.

ಆದರೂ ಹೊರಗಿನಿಂದ ಅಳೆಯಲು ಒಂದು ಸುಲಭವಾದ ಮಾರ್ಗವುಂಟು. ನೂರು ಗಂಡಸರಲ್ಲಿ 40 ಮಂದಿಯೂ ನೂರು ಹೆಂಗಸರಲ್ಲಿ 24 ಮಂದಿಯೂ ಆಯ್ಕೆಯಾದರೆಂದು ಭಾವಿಸೋಣ. 24ನ್ನು 40ರಿಂದ ಭಾಗಿಸಿದರೆ 0.6. ಇದು 0.8ಕ್ಕಿಂತ ಕಡಿಮೆಯಾದರೆ ಸಂಶಯಪಡಬೇಕೆಂಬುದು ಅಮೆರಿಕ ಸರಕಾರವು 1978ರಲ್ಲಿ ಹೊರಡಿಸಿದ ಮಾರ್ಗಸೂಚಿ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಜಾರಿಗೊಳಿಸಿದ ಕಾನೂನಿನ ಪ್ರಕಾರ, ಇಂತಹ ಸಾಧನಗಳನ್ನು ಬಳಸುವವರು ಸ್ವತಂತ್ರ ಪರೀಕ್ಷಕರಿಂದ ಈ ಅನುಪಾತವನ್ನು ಲೆಕ್ಕ ಹಾಕಿಸಿ ಪ್ರಕಟಿಸಬೇಕು. ಅದು ಎಷ್ಟಕ್ಕೆ ಇಳಿದರೆ ಯಂತ್ರವನ್ನು ನಿಲ್ಲಿಸಬೇಕೆಂಬುದನ್ನು ಆ ಕಾನೂನು ಹೇಳುವುದಿಲ್ಲ.